ಅಜ್ಜನ ಜ-ಒತ್ತು

ನಮ್ಮೂರು ತಿಕೋಟಾ. 2007ರ ಸುಮಾರಿಗೆ, ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಅಜ್ಜ ನನ್ನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋಗಿ ಇಬ್ರಾಹಿಂ ರೋಜಾ ತೋರಿಸಿದ್ದರು. 1626ರಲ್ಲಿ ಮುಗಿದ ಕಟ್ಟಡ. ಅದರ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅರೇಬಿಕ್ ಬರಹ ಮಾಡಿದ್ದಾರೆ. ಅಕ್ಷರಗಳ ನಡುವಿನ ಖಾಲಿ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಅಕ್ಷರ ಇದ್ದಲ್ಲಿ ಕಪ್ಪು, ಇಲ್ಲದಲ್ಲಿ ಬೆಳಕು. ಸ್ಕ್ರೀನ್ ಮೇಲಿನ ಅಕ್ಷರವೂ ಇದೇ ತಾನೆ!

ಅದೇ ದಿನ ಅಲ್ಲೊಂದು ಸೈಬರ್ ಕೆಫೆಗೂ ಹೋದೆವು. ಒಂದು ಕನ್ನಡ ಕಥೆ ತೆರೆದರೆ 'ಅಜ್ಜ' ಎಂಬಲ್ಲಿ ಜ-ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತ್ತು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಏ ತಮ್ಮಾ, ಇದು ನಮ್ಮ ಕನ್ನಡ ಅಲ್ಲ ಬಿಡೋ" ಅಂದರು. ನನಗೆ ಯಾಕೋ ಅವಮಾನವಾಗಿತ್ತು.

ಕಾರಣ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಯುನಿಕೋಡ್‌ನಲ್ಲಿ 'ಅಜ್ಜ' ಅಂದರೆ ನಾಲ್ಕು ಸಂಕೇತ: ಅ, ಜ, ಹಲಂತ, ಜ. ಅವನ್ನು ಕೂಡಿಸಿ ಎರಡು ಅಕ್ಷರವಾಗಿ ತೋರಿಸಲು ತಂತ್ರಾಂಶವೂ ಬೇಕು, ಒತ್ತಿನ ಆಕಾರ ಬರೆದ ಕಲಾವಿದನೂ ಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಇತ್ತು. ಆದರೆ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿ ಸಿಡಿ ತುರುಕದಿದ್ದರೆ ಒತ್ತು ಸರಿಯಾಗಿ ಕೂರುತ್ತಿರಲಿಲ್ಲ. ಹಳೇ ಬ್ಲಾಗಿಗರಿಗೆ ಈ ಪಾಡು ನೆನಪಿರಬೇಕು.

ಆ ತುಂಗಾದ ಹಿಂದಿದ್ದವರು ಆರ್.ಕೆ. ಜೋಶಿ. ಕವಿ, ಲಿಪಿಕಲಾವಿದ, ಐಐಟಿ ಬಾಂಬೆಯಲ್ಲಿ ಮೇಷ್ಟ್ರು. ಕೈಬರಹದ ಗತ್ತನ್ನು ಕಂಪ್ಯೂಟರಿಗೆ ಕಲಿಸಲು ದುಡಿದವರು. 2008ರಲ್ಲಿ ತೀರಿಕೊಂಡರು. ನಾವು ಒತ್ತುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಡಿಜಿಟಲ್ ಕಲೆ ಅಂದಕೂಡಲೇ ನಮಗೆ ಆನಿಮೇಷನ್ನು, ಲೇಸರ್ ಶೋ ನೆನಪಾಗುತ್ತವೆ. ದಿನಾ ಓದುವ ಅಕ್ಷರ ನೆನಪಾಗುವುದಿಲ್ಲ. ಸರಿಯಾಗಿ ಕೂತ ಒತ್ತನ್ನು ಯಾರು ಗಮನಿಸುತ್ತಾರೆ? ಮುರಿದಾಗಲಷ್ಟೇ ಬೈಯುತ್ತೇವೆ.

ರೋಜಾದಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ, ಖಲೀಲುಲ್ಲಾ ಎಂಬ ಲಿಪಿಕಾರನಿಗೆ 'ಲೇಖನಿಯ ಬಾದಶಹ' ಎಂಬ ಬಿರುದು ಕೊಟ್ಟಿದ್ದ. ಅಕ್ಷರ ಬರೆಯುವವನನ್ನು ಅರಸನೇ ಬಾದಶಹ ಅಂದಿದ್ದ ಊರು ನಮ್ಮದು. ಹಾಗಿದ್ದೂ ಜೋಶಿಯವರ ಹೆಸರು ನಾನು ಕೇಳಿದ್ದು ಕೆಲಸಕ್ಕೆ ಸೇರಿದ ಮೇಲೆ.

ಈಗ ಫೋನಿನಲ್ಲಿ 'ಅಜ್ಜ' ಎಂದು ಕುಟ್ಟಿದರೆ ಜ-ಒತ್ತು ತಾನಾಗಿಯೇ ಕೆಳಗೆ ಬಂದು ಕೂರುತ್ತದೆ. "ನೋಡಜ್ಜಾ, ಇದು ನಮ್ಮ ಕನ್ನಡಾನೇ" ಎಂದು ತೋರಿಸೋಣವೆಂದರೆ ಅಜ್ಜ ಇಲ್ಲ.