ಸಣ್ಣ ಭೂಕಂಪಗಳಾದರೆ ದೊಡ್ಡ ಭೂಕಂಪ ತಪ್ಪುತ್ತದೆಯೇ? ಉತ್ತರ ಹಿಮಾಲಯದ ಅಡಿಯಲ್ಲಿದೆ

ದೆಹಲಿಯಲ್ಲೋ ಉತ್ತರಾಖಂಡದಲ್ಲೋ ನೆಲ ಸ್ವಲ್ಪ ನಡುಗಿದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ: ಕುಕ್ಕರ್ ಕೂಗಿ ಆವಿ ಬಿಡುವಂತೆ ಭೂಮಿ ಸಣ್ಣ ಸಣ್ಣ ಕಂಪನಗಳಲ್ಲಿ ಒತ್ತಡ ಹೊರಹಾಕುತ್ತಿದೆ, ಇನ್ನು ದೊಡ್ಡ ಭೂಕಂಪದ ಭಯವಿಲ್ಲ. ಕೇಳಲು ಸಮಾಧಾನದ ಮಾತು. ಆದರೆ ಇದು ತಪ್ಪು.

ಒತ್ತಡ ಬರುವುದು ಎಲ್ಲಿಂದ?

ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ. ಅದು ಹಲವು ಫಲಕಗಳಾಗಿ ಒಡೆದಿದೆ. ನಾವಿರುವ ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿಯುತ್ತಾ ಏಷ್ಯಾವನ್ನು ಒತ್ತುತ್ತಿದೆ. ಈ ಡಿಕ್ಕಿ ಶುರುವಾಗಿ ಸುಮಾರು 5 ಕೋಟಿ ವರ್ಷಗಳಾದವು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು, ಅದರ ತಳದ ಪದರಗಳು ಮೇಲೆದ್ದವು. ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ಸಮುದ್ರಜೀವಿಗಳ ಅವಶೇಷಗಳಿವೆ.

ಗಟ್ಟಿ ಬಂಡೆ ಬಾಗುವುದು ಹೇಗೆ?

ಆಳದಲ್ಲಿ ಬಿಸಿ ಹೆಚ್ಚು. ಅಲ್ಲಿ ಬಂಡೆ ಕರಗದಿದ್ದರೂ ಲಕ್ಷಾಂತರ ವರ್ಷಗಳ ಒತ್ತಡಕ್ಕೆ ಚಪಾತಿ ಹಿಟ್ಟಿನಂತೆ ಮಣಿದು ಮಡಿಕೆ ಬೀಳುತ್ತದೆ.

ಮೇಲಿನ ತಣ್ಣನೆಯ ಬಂಡೆ ಹಾಗಲ್ಲ. ಅದು ಪ್ಲಾಸ್ಟಿಕ್ ಸ್ಕೇಲಿನ ಹಾಗೆ. ಸ್ವಲ್ಪ ಬಗ್ಗಿಸಿ ಬಿಟ್ಟರೆ ಮೊದಲಿನಂತಾಗುತ್ತದೆ, ಮಿತಿ ಮೀರಿದರೆ ಮುರಿಯುತ್ತದೆ. ಹೀಗೆ ಮುರಿದು ಎರಡೂ ಬದಿ ಜಾರಿದ ಬಿರುಕಿಗೆ ಸ್ತರಭಂಗ ಎನ್ನುತ್ತಾರೆ.

ಹಿಮಾಲಯದ ಅಡಿಯಲ್ಲಿ ಇಂಥದ್ದೊಂದು ಬೃಹತ್ ಸ್ತರಭಂಗವಿದೆ. 5 ಸೆಂ.ಮೀ. ಚಲನೆಯಲ್ಲಿ ಸುಮಾರು 2 ಸೆಂ.ಮೀ. ಪಾಲು ಬೀಳುವುದು ಇಲ್ಲೇ. ಆದರೆ ಇದರ ಮೇಲ್ಭಾಗ ಘರ್ಷಣೆಯಿಂದ ಕಚ್ಚಿಕೊಂಡಿದೆ, ಜಾರುವುದಿಲ್ಲ. ನೂರು ವರ್ಷ ಹಾಗೇ ಇದ್ದರೆ 2 ಮೀಟರ್ ಬಾಕಿ ಉಳಿಯುತ್ತದೆ. ಆ ಬಾಕಿ ಒಮ್ಮೆಗೇ ತೀರುವುದೇ ದೊಡ್ಡ ಭೂಕಂಪ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆಗಿದ್ದು ಇದೇ. 7.8 ತೀವ್ರತೆಯ ಆ ಕಂಪನದಲ್ಲಿ ಸುಮಾರು 9,000 ಜನ ಸತ್ತರು. ಕಠ್ಮಂಡು ಕಣಿವೆಯ ನೆಲ ಸುಮಾರು 1 ಮೀಟರ್ ಮೇಲೆದ್ದಿತು, ಉತ್ತರದ ಎತ್ತರದ ಪರ್ವತಗಳು ಅಲ್ಲಲ್ಲಿ ತಗ್ಗಿದವು. ಅಂದರೆ ಒತ್ತಡದಿಂದ ಉಬ್ಬಿದ್ದ ಬೆಟ್ಟ ಕೊಂಚ ಹಿಂದಕ್ಕೆ ಬಂತು. ಪೂರ್ತಿ ಹಿಂದಕ್ಕೆ ಬರದೆ ಪ್ರತಿ ಸುತ್ತಿನಲ್ಲೂ ಉಳಿಯುವಷ್ಟು ಎತ್ತರ ಕೋಟ್ಯಂತರ ವರ್ಷ ಸೇರುತ್ತಾ ಹೋಗಿ ಹಿಮಾಲಯವಾಗಿದೆ.

ಸಣ್ಣ ಕಂಪನಗಳು ಬಾಕಿ ತೀರಿಸಲಾರವೇ?

ಲೆಕ್ಕ ಹಾಕಿ ನೋಡೋಣ. ತೀವ್ರತೆ 1 ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 8 ತೀವ್ರತೆಯ ಒಂದು ಭೂಕಂಪದ ಶಕ್ತಿಗೆ ಸಮವಾಗಲು:

• 7ರ ತೀವ್ರತೆಯವು ಸುಮಾರು 32 ಬೇಕು
• 6ರ ತೀವ್ರತೆಯವು ಸುಮಾರು 1,000 ಬೇಕು
• 5ರ ತೀವ್ರತೆಯವು ಸುಮಾರು 32,000 ಬೇಕು

ಅಷ್ಟು ಕಂಪನಗಳು ಆಗುತ್ತಿಲ್ಲ. ಕುಕ್ಕರ್ ಹೋಲಿಕೆ ಸೋಲುವುದು ಇಲ್ಲೇ: ಕೆಳಗಿನ ಉರಿ ಆರಿಲ್ಲ, ಸೀಟಿಯಲ್ಲಿ ಹೋಗುವ ಆವಿ ತೀರಾ ಕಡಿಮೆ. ಹಾಗೆಂದು ಪ್ರತಿ ಸಣ್ಣ ಕಂಪನವೂ ದೊಡ್ಡದರ ಮುನ್ಸೂಚನೆಯಲ್ಲ. ಭೂಕಂಪದ ದಿನ, ಸಮಯವನ್ನು ಮೊದಲೇ ಹೇಳುವ ವಿಧಾನ ಇಂದು ಯಾರ ಬಳಿಯೂ ಇಲ್ಲ. ತಾರೀಖು ಹೇಳುವ ಫಾರ್ವರ್ಡ್ ಬಂದರೆ ಅದೂ ಸುಳ್ಳೇ.

ನಾವು ದೂರ ಇದ್ದೇವಲ್ಲ?

ಹಿಮಾಲಯದಷ್ಟು ಅಪಾಯ ಕರ್ನಾಟಕಕ್ಕಿಲ್ಲ, ನಿಜ. ಆದರೆ ಫಲಕದ ಒಳಭಾಗದಲ್ಲೂ ಒತ್ತಡವಿದೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಗಿ ಸಾವಿರಾರು ಜನ ಸತ್ತರು. ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಕುಸಿದ ಕಲ್ಲು-ಮಣ್ಣಿನ ಮನೆಗಳು.

ನೆಲ ನಡುಗಿದರೆ ಗಟ್ಟಿ ಮೇಜಿನ ಕೆಳಗೆ ಕುಳಿತು ತಲೆ ಮುಚ್ಚಿಕೊಳ್ಳಿ, ನಡುಕ ನಿಲ್ಲುವವರೆಗೆ ಮೆಟ್ಟಿಲು, ಲಿಫ್ಟ್ ಕಡೆ ಓಡಬೇಡಿ. ಮನೆ ಕಟ್ಟಿಸುವಾಗ ಭೂಕಂಪ ತಡೆಯುವ ವಿನ್ಯಾಸದ ಬಗ್ಗೆ ಎಂಜಿನಿಯರ್ ಬಳಿ ಕೇಳಿ. “ಇನ್ನು ಭಯವಿಲ್ಲ” ಎಂಬ ಸಂದೇಶದ ಬದಲು ಈ ಎರಡು ಮಾತು ಫಾರ್ವರ್ಡ್ ಮಾಡಿ.