ಓಲೆಯ ಕಟ್ಟು ಮತ್ತು ಮಡಿಕೆಯ ಹೊತ್ತಗೆ

ಮೂಡಬಿದಿರೆಯಲ್ಲಿ ಶತಮಾನಗಳಿಂದ ರಕ್ಷಿತವಾಗಿ ಬಂದ ಧವಲ, ಜಯಧವಲ, ಮಹಾಧವಲಗಳ ತಾಡವೋಲೆಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿರುವುವೆಂಬುದು ವಾಚಕರಿಗೆ ವಿದಿತವೇ ಇದೆ. ಅವುಗಳ ಸಿದ್ಧಾಂತವಿಚಾರವನ್ನು ಬಲ್ಲವರಿಗೆ ಬಿಟ್ಟು, ಗ್ರಂಥದ ಪುಟಗಳ ಅನುಕ್ರಮವೊಂದನ್ನೇ ಇಲ್ಲಿ ವಿಚಾರಿಸತಕ್ಕುದು.

ತಾಡವೋಲೆಯ ಗ್ರಂಥದಲ್ಲಿ ಎರಡು ಮೈಗಳಿಗೂ ಸೇರಿ ಓಲೆಗೊಂದೇ ಅಂಕ. ದಾರದ ಉಜ್ಜುವಿಕೆಯಿಂದ ಅಕ್ಷರಗಳು ಅಳಿಯದಂತೆ ಲಿಪಿಕಾರನು ರಂಧ್ರದ ಸುತ್ತಲೂ ಎಡೆಬಿಡುತ್ತಿದ್ದನು. ಕಟ್ಟು ಹರಿದು ಓಲೆಗಳು ಚೆದರಿದರೂ ಅಂಕವನ್ನು ನೋಡಿ ಮರಳಿ ಜೋಡಿಸಬಹುದಾಗಿತ್ತು. (ಹೊತ್ತಗೆಯೆಂಬುದು ಪುಸ್ತಕಶಬ್ದದ ತದ್ಭವವಷ್ಟೆ, ಮಡಿಕೆಯ ಅರ್ಥವು ಅದರಲ್ಲಿಲ್ಲ.)

1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಅಲ್ಲಿಂದಲೇ ಹೊರಟಿತು. ಮುದ್ರಣದೊಡನೆ ಬಂದ ಮಡಿಕೆಯ ಪುಸ್ತಕದಲ್ಲಿ ಓದುವ ಕ್ರಮವೂ ಅಚ್ಚಿನ ಕ್ರಮವೂ ಬೇರೆಬೇರೆ. ಹದಿನಾರು ಪುಟಗಳ ಕಿರುಹೊತ್ತಗೆಯನ್ನು ನಡುವೆ ಮಡಿಸಿ ಹೊಲಿಯುವುದಾದರೆ, ಹೊರಗಿನ ಹಾಳೆಯ ಒಂದು ಮೈಯಲ್ಲಿ ಎಡಕ್ಕೆ 16, ಬಲಕ್ಕೆ 1. ಹಿಂಮೈಯಲ್ಲಿ ಎಡಕ್ಕೆ 2, ಬಲಕ್ಕೆ 15. ಜೋಡಿಯ ಮೊತ್ತವು ಎಲ್ಲೆಡೆಯಲ್ಲಿಯೂ 17. ಹಾಳೆಯೊಂದಕ್ಕೆ ನಾಲ್ಕು ಪುಟಗಳಾದುದರಿಂದ 18 ಪುಟಗಳ ವಿಷಯವಿದ್ದರೆ 20 ಪುಟಗಳನ್ನು ಏರ್ಪಡಿಸಲೇಬೇಕು. ಹಾಳೆಗಳು ಹೆಚ್ಚಾದಂತೆ ಒಳಗಿನವು ಮುಂಚಾಚುವುವು. ಅಂಚನ್ನು ಸಮವಾಗಿ ಕತ್ತರಿಸುವಾಗ ಅವುಗಳ ಹೊರಅಂಚೇ ಸವೆಯುವುದರಿಂದ, ಆ ಪುಟಗಳ ಬರೆಹವನ್ನು ತುಸು ಮಡಿಕೆಯ ಕಡೆಗೆ ಸರಿಸಬೇಕು.

1985ರಲ್ಲಿ ಪೇಜ್‌ಮೇಕರ್ ಬಂದಮೇಲೆ ಪುಟವಿನ್ಯಾಸವು ಗಣಕಯಂತ್ರಕ್ಕೆ ಸೇರಿತು. ಈ ಜೋಡಣೆಯ ಗಣಿತವನ್ನೂ ಈಗ ತಂತ್ರಾಂಶವೇ ಮಾಡಿಕೊಡುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಬ್ರಹ್ಮಕಲಶೋತ್ಸವಾದಿಗಳಿಗೆ ಅಚ್ಚಾಗುವ ಸ್ಮರಣ ಸಂಚಿಕೆಗಳನ್ನು ವಿದ್ವಾಂಸರು ಅಲಕ್ಷಿಸುವುದು ನನಗೆ ಸರಿದೋರದು. ಕ್ಷೇತ್ರದ ಐತಿಹ್ಯ, ಜೀರ್ಣೋದ್ಧಾರದ ತೇದಿ, ದಾನಿಗಳ ಹೆಸರುಗಳಿಗೆ ಬೇರೆ ಆಧಾರವು ಎಷ್ಟೋ ಕಡೆ ದೊರೆಯದು. ಇಲ್ಲಿ ಎರಡು ಅಪಾಯಗಳಿವೆ. ಅಚ್ಚಿಗಾಗಿ ಜೋಡಿಸಿದ ಕಡತವೊಂದೇ ಉಳಿದರೆ ಓದುಗನಿಗೆ ಪುಟಗಳು 16, 1, 2, 15 ಎಂದು ಎದುರಾಗುವುವು. ಇದಾದರೂ ಪರಿಹಾರ್ಯ. ಎರಡನೆಯದು ಕಠಿನ: ಯೂನಿಕೋಡಿಗೆ ಮುಂಚಿನ ಕನ್ನಡ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಇರಿಸಲಾಗಿತ್ತು, ಆ ಶೈಲಿಯು ಇಲ್ಲದ ಯಂತ್ರದಲ್ಲಿ ಬರೆಹವೆಲ್ಲ ಅರ್ಥಹೀನ ರೋಮನ್ ಅಕ್ಷರರಾಶಿಯಾಗಿ ತೋರುತ್ತದೆ.

1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟವು ಅಮರಾವತಿಯಿಂದ ಹೊರಬಂದಿತು. ಓಲೆಯಿಂದ ಪ್ರತಿಮಾಡಿದವರಿಗೆ ಲಿಪಿಜ್ಞಾನವೂ ಓಲೆಯ ಅಂಕವೂ ಸಾಕಾಗಿದ್ದುವು. ಸಂಚಿಕೆಯನ್ನು ಸಿದ್ಧಪಡಿಸುವವರು ಓದುವ ಕ್ರಮದಲ್ಲಿರುವ ಯೂನಿಕೋಡ್ ಪ್ರತಿಯೊಂದನ್ನು, ವರ್ಷವನ್ನೂ ಸ್ಥಳವನ್ನೂ ನಮೂದಿಸಿ, ಜೋಡಣೆಗೆ ಮುಂಚೆಯೇ ತೆಗೆದಿರಿಸತಕ್ಕುದು.