ಪದ ಪರಿಚಯ: ಸದ್ಧರ್ಮ

ಸದ್ಧರ್ಮ

ಉಚ್ಚಂಗಿದುರ್ಗ, ಕೊಟ್ಟೂರು, ಕೂಡ್ಲಿಗಿ ಸೀಮೆಯವರಿಗೆ ಈ ಪದ ಹೊಸದಲ್ಲ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿರುವ ಪೀಠ, ವೀರಶೈವ ಪಂಚಪೀಠಗಳಲ್ಲೊಂದು, ಸದ್ಧರ್ಮ ಪೀಠವೆಂದೇ ಹೆಸರಾದದ್ದು. ಬರೆಯುವಾಗ ಮಹಾಪ್ರಾಣ ತಪ್ಪಿ ‘ಸದ್ದರ್ಮ’ ಆಗುವುದುಂಟು. ಆಗ ಧರ್ಮಕ್ಕಿಂತ ಸದ್ದೇ ಮುಂದಾಗುತ್ತದೆ. ಅದಕ್ಕಿಂತ ದೊಡ್ಡ ಎಡವಟ್ಟು ಅರ್ಥದ್ದು: ‘ಒಳ್ಳೆಯ ಮತ’, ಅಂದರೆ ನಮ್ಮ ಮತ ಎಂದುಕೊಳ್ಳುವುದು.

‘ಸತ್’ ಹುಟ್ಟಿದ್ದು ‘ಇರು’ ಎಂಬರ್ಥದ ‘ಅಸ್’ ಧಾತುವಿನಿಂದ. ಗೀತೆಯ 17ನೇ ಅಧ್ಯಾಯ ಇರವು, ಒಳಿತು ಎರಡಕ್ಕೂ ಅದನ್ನು ಹೊಂದಿಸುತ್ತದೆ. ‘ಧರ್ಮ’ ಬಂದದ್ದು ‘ಹಿಡಿದು ನಿಲ್ಲಿಸು’ ಎನ್ನುವ ‘ಧೃ’ವಿನಿಂದ. ಹೀಗಾಗಿ ಸದ್ಧರ್ಮ ದಿಟವಾದ ಧರ್ಮವೂ ಹೌದು, ಸಜ್ಜನರ ನಡೆಯೂ ಹೌದು. ಪಾಲಿಯ ‘ಸದ್ಧಮ್ಮ’ ಬುದ್ಧನ ಬೋಧೆ. ಓದು, ಆಚರಣೆ, ಅರಿವು ಎಂದು ಅದಕ್ಕೆ ಮೂರು ಮುಖ. ‘ಸದ್ಧರ್ಮಪುಂಡರೀಕ’ ಸೂತ್ರವನ್ನು ಚೀನೀ ಭಾಷೆಗೆ ತಂದ ಧರ್ಮರಕ್ಷ ‘ಸತ್’ಗೆ ‘ಸರಿಯಾದ’ ಎಂದ; 406ರಲ್ಲಿ ಕುಮಾರಜೀವ ‘ಅದ್ಭುತ’ ಎಂದ. ಇಬ್ಬರೂ ‘ನಮ್ಮ’ ಎನ್ನಲಿಲ್ಲ.

ಹಾಗಾದರೆ ಪೀಠದ ಹೆಸರು ಬೌದ್ಧರಿಂದ ಪಡೆದ ಕಡವೇ? ಹಾಗೆನ್ನಬೇಕಿಲ್ಲ. ಸದ್ಗುರು, ಸದ್ಭಕ್ತಿಗಳ ಅಚ್ಚಿನಲ್ಲೇ ಈ ಪದವೂ ಮೂಡುತ್ತದೆ. ಅಚ್ಚು ಯಾರೊಬ್ಬರ ಆಸ್ತಿಯಲ್ಲ. ‘ಸತ್’ ಎಂದ ಮೇಲೆ ಎದುರಿಗೊಂದು ‘ಅಸತ್’ ಇರಲೇಬೇಕಲ್ಲ, ಅದು ಪರಮತವೇ ತಾನೆ ಎಂದು ಕೇಳಬಹುದು. ಪಾಲಿಯಲ್ಲಿ ‘ಅಸದ್ಧಮ್ಮ’ ಇದ್ದೇ ಇದೆ. ಬುದ್ಧನಿಗೆ ಎದುರು ನಿಂತ ಭಿಕ್ಷು ದೇವದತ್ತನನ್ನು ಕೆಡಿಸಿದ ಎಂಟು ಅಸದ್ಧಮ್ಮಗಳಲ್ಲಿ ಲಾಭ, ಕೀರ್ತಿ, ಸತ್ಕಾರ, ದುರಾಸೆ, ಕೆಟ್ಟ ಗೆಳೆತನಗಳು ಬರುತ್ತವೆ. ಯಾವ ಮತದ ಹೆಸರೂ ಆ ಪಟ್ಟಿಯಲ್ಲಿಲ್ಲ.